ಇಂಟರ್ನ್‌ಶಿಪ್ ಮೂರನೆಯದೂ ಮುಗಿಯುತ್ತ ಬಂತು, ಪಗಾರದ ಕೆಲಸ ಒಂದೂ ಸಿಗಲಿಲ್ಲ: ಕೇಳುವುದು ಹೇಗೆ?

ಉಣಕಲ್ ಅಕ್ಕ (ಸೋಮವಾರ, ರಾತ್ರಿ 9:40)

ನನ್ನ ತಮ್ಮನಿಗೆ ಈಗ 23 ವರ್ಷ. ಅವನಿಗೆ ಬೌದ್ಧಿಕ ಅಸಾಮರ್ಥ್ಯವಿದೆ. ಪ್ರಮಾಣಪತ್ರದಲ್ಲಿ ಶೇಕಡಾ 50 ಎಂದು ಬರೆದಿದ್ದಾರೆ. ಓದುವುದು ನಿಧಾನ, ಲೆಕ್ಕ ಅಷ್ಟಾಗಿ ಬರುವುದಿಲ್ಲ. ಆದರೆ ಒಂದು ಕೆಲಸ ಅವನ ಕೈಗೆ ಹತ್ತಿತೆಂದರೆ, ಉಳಿದವರು ಬೇಸತ್ತು ಎದ್ದು ಹೋಗುವ ಹೊತ್ತಿಗೂ ಅವನು ಅದನ್ನು ಮೊದಲಿನಷ್ಟೇ ಅಚ್ಚುಕಟ್ಟಾಗಿ ಮಾಡುತ್ತ ಕುಳಿತಿರುತ್ತಾನೆ.

ಎರಡು ವರ್ಷಗಳಲ್ಲಿ ಮೂರು ಕಡೆ ಇಂಟರ್ನ್‌ಶಿಪ್ ಆಯಿತು. ಬೇಕರಿಯೊಂದರ ಪ್ಯಾಕಿಂಗ್‌ನಲ್ಲಿ ಮೂರು ತಿಂಗಳು, ಔಷಧ ಗೋದಾಮಿನಲ್ಲಿ ಆರು ತಿಂಗಳು. ಈಗ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಐದನೆಯ ತಿಂಗಳು ನಡೆದಿದೆ. ಮೊದಲ ಎರಡೂ ಕಡೆ ಕೊನೆಯ ದಿನ ಶಾಲು ಹೊದಿಸಿ, ಫೋಟೊ ತೆಗೆಸಿ, ಪ್ರಮಾಣಪತ್ರ ಕೊಟ್ಟು, ‘ಹುಡುಗ ಭಾಳ ಚಲೋ ಅದಾನ್ರೀ’ ಎಂದು ಹೇಳಿ ಕಳಿಸಿದರು. ಗೋದಾಮಿನ ಇಂಟರ್ನ್‌ಶಿಪ್ ಮುಗಿದ ಮರುದಿನ ಅವನು ಎಂದಿನಂತೆ ಬೆಳಿಗ್ಗೆ ಏಳಕ್ಕೆ ಬುತ್ತಿ ಕಟ್ಟಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಇನ್ನು ಹೋಗುವಂತಿಲ್ಲ ಎಂದು ಹೇಳಲು ನನಗಾಗಲಿ ಅವ್ವನಿಗಾಗಲಿ ಬಾಯಿ ಬರಲಿಲ್ಲ. ಒಂದು ವಾರ ಅವನು ಹಾಗೆಯೇ ನಿಂತ.

ಬರುವ ತಿಂಗಳು ಮೂರನೆಯದೂ ಮುಗಿಯುತ್ತದೆ. ಪಗಾರದ ಕೆಲಸವನ್ನು ಯಾರಲ್ಲಿ, ಯಾವಾಗ, ಏನೆಂದು ಕೇಳಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಿರಿ. ಕೇಳಿದರೆ ಇರುವುದನ್ನೂ ಕಳೆದುಕೊಳ್ಳುತ್ತೇವೇನೋ ಎಂಬ ಅಂಜಿಕೆ ಮನೆಯಲ್ಲಿ ಎಲ್ಲರಿಗೂ ಇದೆ.

ಮುಳಗುಂದ ನಾಕಾ (ಸೋಮವಾರ, ರಾತ್ರಿ 9:58)

ಖಾಸಗಿ ಕಂಪನಿಗಳಿಗೂ ಶೇಕಡಾ 4ರ ಮೀಸಲಾತಿ ಇದೆ. ಕಾಯ್ದೆ ತೋರಿಸಿ ಕೇಳಿರಿ, ಕೊಡಲೇಬೇಕಾಗುತ್ತದೆ.

ಐಟಿಐ ಮಾಸ್ತರ, ಧಾರವಾಡ (ಸೋಮವಾರ, ರಾತ್ರಿ 10:20)

ಇದು ತಪ್ಪು ಮಾಹಿತಿ. ಇದನ್ನು ನಂಬಿ ಆ ತಂಗಿ ಕಾರ್ಖಾನೆಗೆ ಹೋಗಿ ಮಾತನಾಡಿದರೆ ಮೊದಲ ಮಾತಿನಲ್ಲೇ ಸೋಲುತ್ತಾಳೆ, ಆದ್ದರಿಂದ ಈಗಲೇ ತಿದ್ದುತ್ತಿದ್ದೇನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 34ನೆಯ ಕಲಮು ಹೇಳುವ ಶೇಕಡಾ 4 ಸರಕಾರಿ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಖಾಸಗಿಯವರ ವಿಷಯದಲ್ಲಿ 35ನೆಯ ಕಲಮು ಇದೆ: ದುಡಿಯುವವರಲ್ಲಿ ಕನಿಷ್ಠ ಶೇಕಡಾ 5ರಷ್ಟು ವಿಕಲಚೇತನರಿರುವಂತೆ ಮಾಡಲು ಸರಕಾರ ಅವರಿಗೆ ಪ್ರೋತ್ಸಾಹ ಕೊಡಬೇಕು ಎಂದು ಅದು ಹೇಳುತ್ತದೆ. ಅದು ಕಡ್ಡಾಯವಲ್ಲ.

ಆದರೆ ಖಾಸಗಿಯವರ ಮೇಲೆ ಏನೂ ಹೊಣೆಯಿಲ್ಲ ಎಂದಲ್ಲ. 21ನೆಯ ಕಲಮಿನಂತೆ ಪ್ರತಿಯೊಂದು ಸಂಸ್ಥೆಯೂ ಸಮಾನ ಅವಕಾಶದ ನೀತಿಯನ್ನು ಬರೆದಿಟ್ಟುಕೊಳ್ಳಬೇಕು. 20 ಅಥವಾ ಹೆಚ್ಚು ಜನ ದುಡಿಯುವ ಕಡೆ, ವಿಕಲಚೇತನರಿಗೆ ಒಪ್ಪುವ ಹುದ್ದೆಗಳು ಯಾವುವು, ಆಯ್ಕೆ ಹೇಗೆ, ಈ ವಿಷಯ ನೋಡಿಕೊಳ್ಳುವ ಸಂಪರ್ಕ ಅಧಿಕಾರಿ ಯಾರು ಎಂಬುದೆಲ್ಲ ಅದರಲ್ಲಿ ಇರಬೇಕು ಎಂದು 2017ರ ನಿಯಮಗಳು ಹೇಳುತ್ತವೆ. ಕೇಳಬೇಕಾದದ್ದು ಆ ಕಾಗದವನ್ನು. ‘ನಿಮ್ಮ ನೀತಿಯಲ್ಲಿ ಯಾವ ಹುದ್ದೆಗಳನ್ನು ಗುರುತಿಸಿದ್ದೀರಿ?’ ಎಂದು ಕೇಳುವುದು ಜಗಳವಲ್ಲ, ಆದರೂ ಎದುರಿನವರು ಉತ್ತರ ಕೊಡಬೇಕಾಗುತ್ತದೆ.

ತಂಗೀ, ನಿನಗೊಂದು ಪ್ರಶ್ನೆ. ತಮ್ಮನದು ಬರೀ ಇಂಟರ್ನ್‌ಶಿಪ್ಪೋ, ಅಪ್ರೆಂಟಿಸ್ ಒಪ್ಪಂದವೋ? ಏನಾದರೂ ಸಹಿ ಮಾಡಿಸಿದ್ದಾರೆಯೇ?

ಉಣಕಲ್ ಅಕ್ಕ (ಸೋಮವಾರ, ರಾತ್ರಿ 10:31)

ಒಪ್ಪಂದ ಏನೂ ಇಲ್ಲ ಸರ್. ತರಬೇತಿ ಸಂಸ್ಥೆಯವರು ಒಂದು ಪತ್ರ ಕೊಟ್ಟಿದ್ದರು, ಅಷ್ಟೇ. ಊಟ ಮತ್ತು ಬಸ್ಸಿನ ಖರ್ಚಿಗೆಂದು ತಿಂಗಳಿಗೆ 2,000 ರೂಪಾಯಿ ಕೊಡುತ್ತಾರೆ.

ಐಟಿಐ ಮಾಸ್ತರ, ಧಾರವಾಡ (ಸೋಮವಾರ, ರಾತ್ರಿ 10:55)

ಹಾಗಾದರೆ ಅವನು ಅಲ್ಲಿ ಯಾವ ದಾಖಲೆಯಲ್ಲಿಯೂ ಇಲ್ಲ ಎಂದಾಯಿತು. 1961ರ ಅಪ್ರೆಂಟಿಸ್ ಕಾಯ್ದೆಯಡಿ ಬಂದವನಿಗೆ ಲಿಖಿತ ಒಪ್ಪಂದ ಇರುತ್ತದೆ, ಸರಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರು ಇರುತ್ತದೆ, ನಿಗದಿಯಾದ ಸ್ಟೈಫಂಡ್ (ತರಬೇತಿ ಭತ್ಯೆ) ಇರುತ್ತದೆ. 2019ರ ತಿದ್ದುಪಡಿಯಲ್ಲಿ ಅದನ್ನು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿಯವರೆಗೆ ಎಂದು ಗೊತ್ತುಪಡಿಸಿದ್ದರು. 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳುವುದು ಕಡ್ಡಾಯ. ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಫಂಡಿನ ಕಾಲು ಭಾಗವನ್ನು, ಗರಿಷ್ಠ 1,500 ರೂಪಾಯಿಯವರೆಗೆ, ಕೇಂದ್ರ ಸರಕಾರವೇ ಭರಿಸುತ್ತದೆ.

ಮುಗಿದ ಮೇಲೆ ಕೆಲಸ ಕೊಡಲೇಬೇಕು ಎಂದು ಆ ಕಾಯ್ದೆಯೂ ಹೇಳುವುದಿಲ್ಲ. ಒಪ್ಪಂದದಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ ಕೊಡಬೇಕು. ಆದರೆ ತರಬೇತಿ ಮುಗಿಸಿದ ಅಪ್ರೆಂಟಿಸರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿಯೊಬ್ಬ ಮಾಲಕರೂ ತಮ್ಮದೊಂದು ನೀತಿಯನ್ನು ಇಟ್ಟುಕೊಳ್ಳಬೇಕು ಎಂದು 22ನೆಯ ಕಲಮು ಹೇಳುತ್ತದೆ. ಮೂವತ್ತು ವರ್ಷ ಹುಡುಗರನ್ನು ಕಾರ್ಖಾನೆಗಳಿಗೆ ಕಳಿಸಿದವನು ನಾನು. ಒಳಗೆ ಹೋಗುವ ದಿನವೇ ಕಾಗದವಾದ ಹುಡುಗ ಹೊರಗೆ ಬರುವ ದಿನವೂ ಲೆಕ್ಕಕ್ಕೆ ಬರುತ್ತಾನೆ. ಬಾಯಿಮಾತಿನಲ್ಲಿ ಹೋದವನನ್ನು ಬಾಯಿಮಾತಿನಲ್ಲೇ ಕಳಿಸಿಬಿಡುತ್ತಾರೆ.

ಗಾಲಿಕುರ್ಚಿ, ಹಾವೇರಿ (ಸೋಮವಾರ, ರಾತ್ರಿ 11:12)

ಮಾಸ್ತರರು ಕಾನೂನನ್ನು ಸರಿಯಾಗಿ ಹೇಳಿದರು. ನಾನು ಬೇರೆಯೇ ಮಾತು ಹೇಳುತ್ತೇನೆ, ಕಟುವಾದರೆ ಕ್ಷಮಿಸಿರಿ. ಹದಿನಾಲ್ಕು ತಿಂಗಳು ಒಬ್ಬ ಯುವಕ ದುಡಿದಿದ್ದಾನೆ. ಪ್ಯಾಕ್ ಮಾಡಿದ ಮಾಲು ಮಾರಾಟವಾಗಿದೆ, ಗೋದಾಮಿನ ಔಷಧ ಅಂಗಡಿಗಳಿಗೆ ಹೋಗಿದೆ. ಇದನ್ನು ಕಲಿಕೆ ಎಂದು ಕರೆದದ್ದು ಸಾಕು. ಅಂಗವೈಕಲ್ಯವಿಲ್ಲದ ಹುಡುಗನನ್ನು ಪ್ಯಾಕಿಂಗ್ ಕೆಲಸಕ್ಕೆ ಆರು ತಿಂಗಳು ತರಬೇತಿಗೆ ಇಟ್ಟುಕೊಳ್ಳುತ್ತಾರೆಯೇ? ಎರಡು ದಿನ ತೋರಿಸಿ ಮೂರನೆಯ ದಿನ ಮಸ್ಟರಿಗೆ (ಹಾಜರಿ ಪುಸ್ತಕಕ್ಕೆ) ಹೆಸರು ಹಚ್ಚುತ್ತಾರೆ.

ನಾನೂ ಡಿಪ್ಲೊಮಾ ಮುಗಿಸಿ ಒಂದು ಕಚೇರಿಯಲ್ಲಿ ಇಂಟರ್ನ್ ಆಗಿ ಕುಳಿತವನು. ಗಾಲಿಕುರ್ಚಿ ಒಳಗೆ ಹೋಗುವಂತಹ ಶೌಚಾಲಯ ಅಲ್ಲಿರಲಿಲ್ಲ. ಸಂಜೆಯವರೆಗೆ ನೀರು ಕುಡಿಯದೆ ನಾಲ್ಕು ತಿಂಗಳು ಕಳೆದೆ. ಮೂತ್ರದ ಸೋಂಕಾಗಿ ಆಸ್ಪತ್ರೆಗೆ ಸೇರಿದಾಗ ‘ಅವನ ಆರೋಗ್ಯ ಕೆಲಸಕ್ಕೆ ಒಗ್ಗುವುದಿಲ್ಲ’ ಎಂದು ಬರೆದು ಕಳಿಸಿದರು. ಬಾಗಿಲು ಅಗಲ ಮಾಡಿಸಿದ್ದರೆ ಮುಗಿಯುತ್ತಿತ್ತು. ಕಾಯ್ದೆ ಇದನ್ನೇ ಸೂಕ್ತ ಹೊಂದಾಣಿಕೆ ಎನ್ನುತ್ತದೆ. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಷ್ಟು ಬದಲಾವಣೆಯನ್ನು ಮಾಡಿಕೊಡಬೇಕು ಎನ್ನುತ್ತದೆ. ಈಗ ನಾನು ನವನಗರದಲ್ಲಿದ್ದು ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತೇನೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಮಟ್ಟಕ್ಕೇ ಇರುವುದರಿಂದ ಯಾರ ಕೈ ಹಿಡಿಯದೆಯೂ ಹತ್ತುತ್ತೇನೆ. ಅದೇ ಕುರ್ಚಿ, ಅದೇ ಕಾಲು, ಅದೇ ನಾನು.

ಗೋಕುಲ ರಸ್ತೆ (ಮಂಗಳವಾರ, ಬೆಳಿಗ್ಗೆ 7:15)

ನಾನು ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ಎಲ್ಲರೂ ಮಾಲಕರನ್ನೇ ಬೈಯುವ ಮುನ್ನ ಒಳಗೆ ನಡೆಯುವುದನ್ನು ಹೇಳಲು ಅವಕಾಶ ಕೊಡಿರಿ.

ಇಂಟರ್ನ್‌ಶಿಪ್‌ಗೆ ‘ಆಗಲಿ’ ಎನ್ನುವವರು ಒಬ್ಬರು, ಕೆಲಸ ಕೊಡುವವರು ಇನ್ನೊಬ್ಬರು. ತರಬೇತಿ ಸಂಸ್ಥೆಯವರು ಮೇಲಿನ ಸಾಹೇಬರನ್ನು ಭೇಟಿ ಮಾಡುತ್ತಾರೆ, ಸಾಹೇಬರು ಒಳ್ಳೆಯ ಮನಸ್ಸಿನಿಂದ ಒಪ್ಪುತ್ತಾರೆ, ಹುಡುಗ ಬರುತ್ತಾನೆ. ಆದರೆ ಕೆಳಗೆ ಶಿಫ್ಟ್ ನೋಡಿಕೊಳ್ಳುವ ಸೂಪರ್‌ವೈಸರ್‌ನನ್ನು ಯಾರೂ ಕೇಳಿರುವುದಿಲ್ಲ. ಅವನಿಗೆ ದಿನದ ಉತ್ಪಾದನೆಯ ಲೆಕ್ಕವಿದೆ. ಹುಡುಗನಿಗೆ ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ ಎಂದು ಅಂಜಿ ಸುರಕ್ಷಿತವಾದ, ಸುಲಭವಾದ, ಯಾರಿಗೂ ಬೇಡವಾದ ಕೆಲಸವನ್ನು ಕೊಟ್ಟು ಒಂದು ಮೂಲೆಯಲ್ಲಿ ಕೂರಿಸುತ್ತಾನೆ. ಆರು ತಿಂಗಳಾದ ಮೇಲೆ ‘ಇವನನ್ನು ತೆಗೆದುಕೊಳ್ಳೋಣವೇ?’ ಎಂದು ನಾನು ಕೇಳಿದರೆ, ‘ಚಲೋ ಹುಡುಗರೀ, ಆದರ ಜಾಗಾ ಎಲ್ಲೈತಿ?’ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಆ ಮೂಲೆ ಯಾವತ್ತೂ ಒಂದು ಹುದ್ದೆಯಾಗಿರಲಿಲ್ಲ.

ಇನ್ನೊಂದು ಸಂಗತಿಯಿದೆ. ನಮ್ಮಂತಹ ಕಡೆ ಪ್ಯಾಕಿಂಗ್, ಸಾಗಣೆ, ಸ್ವಚ್ಛತೆಯ ಕೆಲಸಗಳಿಗೆ ಜನ ಬರುವುದು ಗುತ್ತಿಗೆದಾರರ ಮೂಲಕ. ನೇರ ನೇಮಕಾತಿಯನ್ನೇ ಕೇಳಿದರೆ ಇಲ್ಲ ಎಂಬ ಉತ್ತರವೇ ಬರುತ್ತದೆ. ಗುತ್ತಿಗೆದಾರನ ಮಸ್ಟರಿನಲ್ಲಿ ಹೆಸರು ಬಂದರೂ ಕನಿಷ್ಠ ವೇತನ, ಪಿ.ಎಫ್. (ಭವಿಷ್ಯ ನಿಧಿ), ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಬರುತ್ತವೆ. ಇ.ಎಸ್.ಐ.ಗೆ ಉಳಿದವರಿಗೆ 21,000 ರೂಪಾಯಿಯ ವೇತನ ಮಿತಿಯಿದ್ದರೆ ವಿಕಲಚೇತನರಿಗೆ 25,000 ಇದೆ ಎಂಬುದನ್ನೂ ತಿಳಿದಿರಿ.

ಗಾಲಿಕುರ್ಚಿ, ಹಾವೇರಿ (ಮಂಗಳವಾರ, ಬೆಳಿಗ್ಗೆ 7:32)

ಸರ್, ನೀವು ಪ್ರಾಮಾಣಿಕವಾಗಿ ಬರೆದಿದ್ದೀರಿ, ಅದಕ್ಕೆ ಧನ್ಯವಾದಗಳು. ಆದರೆ ಹುದ್ದೆಯಲ್ಲದ ಮೂಲೆಯಲ್ಲಿ ಒಬ್ಬನನ್ನು ಆರು ತಿಂಗಳು ಕೂರಿಸುವುದನ್ನು ನೀವು ಮೊದಲ ವಾರವೇ ಕಂಡಿದ್ದಿರಿ. ಆಗ ಏಕೆ ಹೇಳಲಿಲ್ಲ?

ಗೋಕುಲ ರಸ್ತೆ (ಮಂಗಳವಾರ, ಬೆಳಿಗ್ಗೆ 7:50)

ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಇದ್ದದ್ದೂ ನಿಂತುಹೋಗುತ್ತದೆ ಎಂದುಕೊಂಡೆ. ಈ ತಂಗಿಯ ಮನೆಯವರಿಗೆ ಇರುವ ಅಂಜಿಕೆಯೇ ನನಗೂ ಇತ್ತು.

ಬೆಟಗೇರಿ ಓದುಗ (ಮಂಗಳವಾರ, ಬೆಳಿಗ್ಗೆ 9:05)

ನಾನು ಹುಟ್ಟು ಅಂಧ, ಬಿ.ಎ. ಪದವೀಧರ. ನನ್ನ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಂಟರ್ನ್‌ಶಿಪ್ ಏಕೆ ಸೋಲುತ್ತದೆ ಎಂಬುದನ್ನು ನಾನು ಬಹಳ ತಡವಾಗಿ ತಿಳಿದುಕೊಂಡೆ.

ಪದವಿಯ ನಂತರ ಒಂದು ಕಚೇರಿಯಲ್ಲಿ ಆರು ತಿಂಗಳ ಅವಕಾಶ ಸಿಕ್ಕಿತು. ಗಣಕಯಂತ್ರದಲ್ಲಿ ಎನ್‌ವಿಡಿಎ ಎಂಬ ತೆರೆ ಓದುವ ತಂತ್ರಾಂಶವನ್ನು ಹಾಕಿಕೊಂಡೆ. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಅವರ ಕಡತಗಳನ್ನು ತೆರೆದರೆ ಅದು ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಬಡಬಡಿಸುತ್ತಿತ್ತು. ಎರಡು ತಿಂಗಳು ನನ್ನ ತಂತ್ರಾಂಶವೇ ಕೆಟ್ಟಿದೆ ಎಂದುಕೊಂಡು, ನಾಚಿಕೊಂಡು, ಯಾರನ್ನೂ ಕೇಳದೆ ಸುಮ್ಮನೆ ಕುಳಿತೆ. ಆ ಕಡತಗಳೆಲ್ಲ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು, ಎಲ್ಲ ಗಣಕಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಆಗಿರಲಿಲ್ಲ. ಕಣ್ಣಿರುವವರಿಗೆ ತೆರೆಯ ಮೇಲೆ ‘ಗದಗ’ ಎಂದೇ ಕಾಣುವ ಪದ ಗಣಕಯಂತ್ರದ ಒಳಗೆ ಬೇರೇನೋ ರೋಮನ್ ಅಕ್ಷರಗಳಾಗಿರುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಿರುಗಿಸಿದರೆ ಒಂದು ನಿಮಿಷದ ಕೆಲಸ. ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಕೊನೆಯಲ್ಲಿ ‘ಕೆಲಸ ಕಲಿಯಲು ಆಸಕ್ತಿ ತೋರಲಿಲ್ಲ’ ಎಂದು ಬರೆದರು.

ಮುಂದಿನ ಕಡೆ ಸೇರಿದ ಮೊದಲ ದಿನವೇ ‘ನಿಮ್ಮ ಕಡತಗಳು ಯಾವ ಫಾಂಟಿನಲ್ಲಿವೆ?’ ಎಂದು ಕೇಳಿದೆ. ಐದನೆಯ ತಿಂಗಳಿಗೆ ಪಗಾರದ ಮೇಲೆ ತೆಗೆದುಕೊಂಡರು. ಈಗ ಕರಡು ತಿದ್ದುವ ಕೆಲಸ ಮಾಡುತ್ತೇನೆ. ನಮ್ಮ ಗದುಗಿನಲ್ಲಿ ಅಂಧರಿಗೆ ವಿದ್ಯೆ ಕಲಿಸುವುದು ಹೊಸದಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ತಾವೇ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಸಂಗೀತ ಕಲಿಸಿದರು, ಜೊತೆಗೆ ನಾಟ್ಯಸಂಘವನ್ನೂ ನಡೆಸಿದರು. ಕಲಿಕೆಯ ಪಕ್ಕದಲ್ಲಿಯೇ ದುಡಿಮೆ ಇರಬೇಕು ಎಂಬುದನ್ನು ಈ ಊರಿನಲ್ಲಿ ಬೆಳೆದ ನಾನು ಬೇರೆ ಕಡೆ ಹೋಗಿ ಕಲಿಯಬೇಕಾಗಿರಲಿಲ್ಲ.

ಅಕ್ಕ, ನಿಮ್ಮ ತಮ್ಮನಿಗೆ ಈಗಿನ ಕೆಲಸದಲ್ಲಿ ಎಲ್ಲಿ ತೊಡಕಾಗುತ್ತಿದೆ ಎಂಬುದನ್ನು ಮೊದಲು ಪತ್ತೆ ಮಾಡಿರಿ.

ಲಕ್ಷ್ಮೇಶ್ವರ (ಮಂಗಳವಾರ, ಬೆಳಿಗ್ಗೆ 9:40)

ನೌಕರಿಯ ಬೆನ್ನು ಹತ್ತುವುದಕ್ಕಿಂತ ಒಂದು ಕಿರಾಣಿ ಅಂಗಡಿ ಹಾಕಿಕೊಡುವುದು ಒಳ್ಳೆಯದು. ವಿಕಲಚೇತನರಿಗೆಂದೇ ಇರುವ ರಾಷ್ಟ್ರೀಯ ಹಣಕಾಸು ನಿಗಮದಿಂದ ಸಾಲ ಸಿಗುತ್ತದೆ.

ಉಣಕಲ್ ಅಕ್ಕ (ಮಂಗಳವಾರ, ಮಧ್ಯಾಹ್ನ 1:10)

ಅಣ್ಣಾ, ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಬೇಕು. ಅದೇ ಅವನಿಗೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನಿಗೆ ನಾಲ್ಕು ಜನರ ಜೊತೆ ಬಸ್ಸಿಗೆ ಹೋಗಿ, ಅವರ ಜೊತೆ ಊಟ ಮಾಡಿ, ಸಂಜೆ ದಣಿದು ಬರುವುದು ಬೇಕು. ಅದನ್ನು ಅವನೇ ಹೇಳುತ್ತಾನೆ.

ಬೆಟಗೇರಿಯವರು ಕೇಳಿದ್ದಕ್ಕೆ ಉತ್ತರ ನಿನ್ನೆ ರಾತ್ರಿಯೇ ಅವನ ಜೊತೆ ಕುಳಿತು ಮಾತನಾಡುವಾಗ ಸಿಕ್ಕಿತ್ತು, ಅದನ್ನು ಹೇಳುತ್ತೇನೆ. ಒಂದು ಚೀಲಕ್ಕೆ 20 ಬೋಲ್ಟ್ ಹಾಕಬೇಕು. ಹನ್ನೆರಡರ ತನಕ ಸರಿಯಾಗಿ ಎಣಿಸುತ್ತಾನೆ. ನಡುವೆ ಯಾರಾದರೂ ಮಾತನಾಡಿಸಿದರೆ ಲೆಕ್ಕ ತಪ್ಪುತ್ತದೆ, ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಹೀಗಾಗಿ ಉಳಿದವರ ಅರ್ಧದಷ್ಟು ಚೀಲಗಳೂ ಆಗುವುದಿಲ್ಲ. ಈಗ ಅವನಿಂದ ಬರೀ ಚೀಲಕ್ಕೆ ಚೀಟಿ ಹಚ್ಚಿಸುತ್ತಿದ್ದಾರಂತೆ.

ಸಪ್ತಾಪುರ (ಮಂಗಳವಾರ, ಸಂಜೆ 6:25)

ಈ ಮಾತಿಗಾಗಿಯೇ ಕಾಯುತ್ತಿದ್ದೆ. ಬೌದ್ಧಿಕ ಅಸಾಮರ್ಥ್ಯವಿರುವ ಯುವಕರ ಜೊತೆ ಕೆಲಸದ ಸ್ಥಳಕ್ಕೇ ಹೋಗಿ ನಿಂತು ಕಲಿಸುವುದು ನನ್ನ ಕೆಲಸ. ನಿಮ್ಮ ತಮ್ಮನಿಗೆ ಎಣಿಸಲು ಕಲಿಸುವುದು ಬೇಡ. ಎಣಿಕೆಯನ್ನೇ ಆ ಕೆಲಸದಿಂದ ತೆಗೆದುಬಿಡೋಣ. ಒಂದು ಹಲಗೆಯಲ್ಲಿ 20 ಗುಳಿಗಳನ್ನು ಕೊರೆಸಿರಿ. ಒಂದೊಂದು ಗುಳಿಗೆ ಒಂದೊಂದು ಬೋಲ್ಟ್ ಇಟ್ಟು, ಖಾಲಿ ಗುಳಿ ಇಲ್ಲವೆಂದಾದಾಗ ಚೀಲಕ್ಕೆ ಸುರಿದರೆ ಆಯಿತು. ಯಾರು ಮಾತನಾಡಿಸಿದರೂ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಲೆಕ್ಕ ಹಲಗೆಯಲ್ಲಿದೆ.

ರಾಣೆಬೆನ್ನೂರಿನ ಬೀಜದ ಪ್ಯಾಕಿಂಗ್‌ನಲ್ಲಿ ಒಬ್ಬ ಹುಡುಗಿಯ ಜೊತೆ ಹೀಗೆಯೇ ಮಾಡಿದೆವು. ಅವಳಿಗೆ ಪೊಟ್ಟಣದ ಮೇಲಿನ ಹೆಸರು ಓದಲು ಬರುತ್ತಿರಲಿಲ್ಲ. ಟೊಮ್ಯಾಟೊ, ಮೆಣಸಿನಕಾಯಿ, ಬೆಂಡೆಯ ಚಿತ್ರಗಳನ್ನು ಡಬ್ಬಿಗಳಿಗೆ ಅಂಟಿಸಿದೆವು. ಮೊದಲ ಎರಡು ವಾರ ದಿನವೂ ಪಕ್ಕದಲ್ಲಿ ನಿಂತೆ, ಮೂರನೆಯ ವಾರ ಒಂದು ದಿನ ಬಿಟ್ಟು ಒಂದು ದಿನ ಹೋದೆ, ಆಮೇಲೆ ವಾರಕ್ಕೊಮ್ಮೆ. ಅಷ್ಟರಲ್ಲಿ ಪಕ್ಕದ ಸಾಲಿನ ಒಬ್ಬ ಹಿರಿಯ ಹೆಣ್ಣುಮಗಳು ಅವಳನ್ನು ನೋಡಿಕೊಳ್ಳುವುದನ್ನು ರೂಢಿಸಿಕೊಂಡಿದ್ದಳು. ಮೊದಲು ಕಲಿಸಿ ಆಮೇಲೆ ಕೆಲಸ ಹುಡುಕುವುದು ನಮ್ಮ ಕಡೆಯ ರೂಢಿ. ಇಂತಹ ಯುವಕರಿಗೆ ಅದು ಒಗ್ಗುವುದಿಲ್ಲ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದೇ ಅವರಿಗೆ ಕಷ್ಟ. ಮೊದಲು ಜಾಗ ಗೊತ್ತಾಗಬೇಕು, ಆ ಜಾಗದಲ್ಲಿಯೇ, ಆ ಜನರ ನಡುವೆಯೇ ಕಲಿಯಬೇಕು.

ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ 1996ರಲ್ಲಿ ಪ್ರಾಜೆಕ್ಟ್ ಸರ್ಚ್ ಎಂಬ ಪದ್ಧತಿ ಶುರುವಾಯಿತು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಾಮಗ್ರಿ ತುಂಬಿಡುವ ಕೆಲಸಕ್ಕೆ ಬಂದವರು ನಿಲ್ಲುತ್ತಲೇ ಇರಲಿಲ್ಲ. ಆ ಕೆಲಸಕ್ಕೆ ಅಸಾಮರ್ಥ್ಯವಿರುವ ಯುವಕರನ್ನು ಏಕೆ ತಯಾರು ಮಾಡಬಾರದು ಎಂಬ ಪ್ರಶ್ನೆಯಿಂದ ಅದು ಬೆಳೆಯಿತು. ಶಾಲೆಯ ಕೊನೆಯ ವರ್ಷವನ್ನು ವಿದ್ಯಾರ್ಥಿಗಳು ಕೆಲಸದ ಸ್ಥಳದಲ್ಲಿಯೇ, ಮೂರು ಬೇರೆ ಬೇರೆ ವಿಭಾಗಗಳಲ್ಲಿ ಕಳೆಯುತ್ತಾರೆ. ಅದು ಕರುಣೆಯಿಂದ ಹುಟ್ಟಿದ್ದಲ್ಲ, ಖಾಲಿಯಾಗುತ್ತಲೇ ಇದ್ದ ಒಂದು ಜಾಗದಿಂದ ಹುಟ್ಟಿದ್ದು. ನಮ್ಮ ಕಾರ್ಖಾನೆಗಳಲ್ಲಿಯೂ ಜನ ನಿಲ್ಲದ ಜಾಗ ಯಾವುದು ಎಂದು ಕೇಳಬೇಕು.

ಗೋಕುಲ ರಸ್ತೆ (ಮಂಗಳವಾರ, ಸಂಜೆ 6:48)

ಪ್ಯಾಕಿಂಗ್‌ನಲ್ಲಿ ನಮ್ಮಲ್ಲಿ ಜನ ನಿಲ್ಲುವುದಿಲ್ಲ. ಎರಡು ತಿಂಗಳಿಗೆ ಬಿಟ್ಟು ಹೋಗುತ್ತಾರೆ, ಹೊಸಬರಿಗೆ ಮತ್ತೆ ಕಲಿಸಬೇಕು. ಎಣಿಕೆಗೆ ತೂಕದ ಯಂತ್ರವನ್ನು ಬಳಸುವವರೂ ಇದ್ದಾರೆ, ಆದರೆ ಹಲಗೆ ಅಗ್ಗ, ಕೆಡುವುದೂ ಇಲ್ಲ.

ಐಟಿಐ ಮಾಸ್ತರ, ಧಾರವಾಡ (ಮಂಗಳವಾರ, ಸಂಜೆ 7:02)

ಹಲಗೆಯನ್ನು ನಾನು ಮಾಡಿಸಿಕೊಡುತ್ತೇನೆ. ನನ್ನ ಹಳೆಯ ಶಿಷ್ಯನೊಬ್ಬ ರಾಯಾಪುರದಲ್ಲಿ ವರ್ಕ್‌ಶಾಪ್ ಇಟ್ಟಿದ್ದಾನೆ.

ರಾಣೆಬೆನ್ನೂರಿನ ಅವ್ವ (ಮಂಗಳವಾರ, ರಾತ್ರಿ 8:30)

ನೀವೆಲ್ಲ ಮಾಲಕರ ಬಗ್ಗೆ ಮಾತನಾಡುತ್ತಿದ್ದೀರಿ. ನಾನು ತಾಯಂದಿರ ಬಗ್ಗೆ ಹೇಳುತ್ತೇನೆ. ನನ್ನ ಮಗಳಿಗೆ ಕೆಲಸ ಕೊಡುತ್ತೇವೆಂದು ಬಂದಾಗ ಬೇಡವೆಂದವಳು ನಾನೇ. ಪಗಾರ ಬಂದರೆ ಮಾಸಾಶನ ನಿಂತುಹೋಗುತ್ತದೆ, ಆಮೇಲೆ ಕೆಲಸವೂ ಹೋದರೆ ಏನು ಗತಿ ಎಂಬುದು ನನ್ನ ಚಿಂತೆ. ನಿಂತ ಮಾಸಾಶನವನ್ನು ಮತ್ತೆ ಹಚ್ಚಿಸಲು ಎಷ್ಟು ತಿರುಗಾಡಬೇಕೆಂದು ತಿರುಗಿದವರಿಗೆ ಗೊತ್ತು. ಬ್ಯಾಂಕಿನಲ್ಲಿ ಅವಳ ಹೆಸರಿಗೆ ಖಾತೆ ತೆರೆಯಲು ಹೋದರೆ ಪಾಲಕತ್ವದ ಪತ್ರ ತನ್ನಿರಿ ಎಂದರು. ಈ ಅಂಜಿಕೆಗಳನ್ನು ತೆಗೆಯದೆ ಬರೀ ಕೆಲಸ ಹುಡುಕಿದರೆ ಮನೆಯವರೇ ಅಡ್ಡ ನಿಲ್ಲುತ್ತಾರೆ.

ವಿ.ಆರ್.ಡಬ್ಲ್ಯೂ., ಶಿಗ್ಗಾಂವಿ (ಮಂಗಳವಾರ, ರಾತ್ರಿ 9:15)

ಅವ್ವಾರ ಮಾತು ನೂರಕ್ಕೆ ನೂರು ಖರೆ. ನಾನು ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ. ನಾನು ಹೋದ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ ಮಾಸಾಶನದ್ದೇ. ಮಾಸಾಶನಕ್ಕೆ ಆದಾಯದ ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಕೆಲಸಕ್ಕೆ ಸೇರುವ ಮೊದಲೇ ತಾಲೂಕು ಕಚೇರಿಯಲ್ಲಿ ವಿಚಾರಿಸಿ, ಪಗಾರ ಎಷ್ಟು, ಮಾಸಾಶನ ಎಷ್ಟು ಎಂದು ಮನೆಯವರ ಎದುರಿಗೇ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ. ಆಗ ಅವರೇ ನಿರ್ಧರಿಸುತ್ತಾರೆ.

ಪಾಲಕತ್ವದ ವಿಷಯ. ಸ್ವಲೀನತೆ (ಆಟಿಸಂ), ಸೆರೆಬ್ರಲ್ ಪಾಲ್ಸಿ (ಮಿದುಳಿನ ಪಾರ್ಶ್ವವಾಯು), ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಕಾನೂನುಬದ್ಧ ಪಾಲಕರನ್ನು ನೇಮಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ. ಅರ್ಜಿಯನ್ನು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿರಿ.

ನಮ್ಮ ಹಳ್ಳಿಗಳ ಇನ್ನೊಂದು ತೊಂದರೆಯೆಂದರೆ ಬಸ್ಸು. ಒಬ್ಬ ಹುಡುಗನಿಗೆ ಎಂಟು ಗಂಟೆಯ ಶಿಫ್ಟಿನಲ್ಲಿ ಕೆಲಸ ಸಿಕ್ಕಿತ್ತು, ಅವನ ಊರಿನ ಮೊದಲ ಬಸ್ಸೇ ಏಳೂವರೆಗೆ. ದಿನವೂ ತಡವಾಗಿ ಬರುತ್ತಾನೆಂದು ತೆಗೆದುಹಾಕುವುದರಲ್ಲಿದ್ದರು. ಒಂಬತ್ತೂವರೆಯ ಜನರಲ್ ಶಿಫ್ಟಿಗೆ ಹಾಕಿರಿ ಎಂದು ಕೇಳಿದೆವು, ಹಾಕಿದರು. ಕೇಳುವವರೆಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಗಾಲಿಕುರ್ಚಿ, ಹಾವೇರಿ (ಮಂಗಳವಾರ, ರಾತ್ರಿ 9:41)

ಪಾಲಕತ್ವಕ್ಕೆ ಓಡುವ ಮೊದಲು ಒಂದು ಮಾತು. 2016ರ ಕಾಯ್ದೆಯ 13ನೆಯ ಕಲಮು, ವಿಕಲಚೇತನರಿಗೆ ತಮ್ಮ ಹಣಕಾಸನ್ನು ತಾವೇ ನೋಡಿಕೊಳ್ಳುವ ಹಕ್ಕು ಉಳಿದವರಷ್ಟೇ ಇದೆ ಎನ್ನುತ್ತದೆ. ತಮ್ಮನಿಗೆ ಸಹಿ ಮಾಡಲು ಬಂದರೆ, ತನ್ನ ದುಡ್ಡು ಎಂದರೇನು ಎಂಬುದು ತಿಳಿದರೆ, ಮೊದಲು ಅವನ ಹೆಸರಿನಲ್ಲಿಯೇ ಖಾತೆ ಕೇಳಿರಿ. ಪಾಲಕತ್ವ ಕೊನೆಯ ಮೆಟ್ಟಿಲಾಗಿರಲಿ.

ಉಣಕಲ್ ಅಕ್ಕ (ಮಂಗಳವಾರ, ರಾತ್ರಿ 9:50)

ಸಹಿ ಮಾಡುತ್ತಾನೆ. ಖಾತೆ ಅವನದೇ ಇದೆ, ಆ 2,000 ರೂಪಾಯಿ ಅಲ್ಲಿಗೇ ಬರುತ್ತದೆ.

ಮುಳಗುಂದ ನಾಕಾ (ಮಂಗಳವಾರ, ರಾತ್ರಿ 10:05)

ನಿನ್ನೆ ತಪ್ಪು ಹೇಳಿದ್ದಕ್ಕೆ ಕ್ಷಮೆಯಿರಲಿ. ನನ್ನ ಅಣ್ಣ ಕಿವುಡ, ಗದುಗಿನ ಒಂದು ಮುದ್ರಣಾಲಯದಲ್ಲಿ ಹನ್ನೊಂದು ವರ್ಷಗಳಿಂದ ಇದ್ದಾನೆ. ಯಂತ್ರ ಕೆಟ್ಟರೆ ಗೊತ್ತಾಗಲೆಂದು ಒಂದು ಕೆಂಪು ದೀಪ ಹಾಕಿದ್ದಾರೆ. ಜೊತೆಗಿನವರು ಮೂವತ್ತು ನಲವತ್ತು ಸನ್ನೆ ಕಲಿತಿದ್ದಾರೆ, ಅಷ್ಟರಲ್ಲಿಯೇ ಎಲ್ಲ ನಡೆಯುತ್ತದೆ.

ಸಪ್ತಾಪುರ (ಮಂಗಳವಾರ, ರಾತ್ರಿ 10:30)

ತಂಗೀ, ಕಾರ್ಖಾನೆಗೆ ಹೋಗುವಾಗ ಎರಡು ವಾರದ ಲೆಕ್ಕವನ್ನು ಕೈಯಲ್ಲಿ ಹಿಡಿದು ಹೋಗು. ಹಲಗೆಯಿಲ್ಲದೆ ಗಂಟೆಗೆ ಎಷ್ಟು ಚೀಲ, ಹಲಗೆಯ ಮೇಲೆ ಎಷ್ಟು, ಎಷ್ಟು ತಪ್ಪು, ಎಷ್ಟು ದಿನ ಗೈರುಹಾಜರಿ. ಇಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಸೂಪರ್‌ವೈಸರ್‌ನ ಕೈಯಿಂದಲೇ ಬರೆಸು, ನೀನು ಬರೆಯಬೇಡ. ಅವನು ಬರೆದದ್ದನ್ನು ಅವನೇ ಅಲ್ಲಗಳೆಯುವುದಿಲ್ಲ. ಮಾತನ್ನು ಮೊದಲು ಅವನ ಜೊತೆ ಮುಗಿಸು, ಮಾಲಕರ ಬಳಿಗೆ ಆಮೇಲೆ ಹೋಗು. ಇಂಟರ್ನ್‌ಶಿಪ್ ಮುಗಿಯುವ ಹಿಂದಿನ ದಿನ ಹೋಗಬೇಡ; ಕನಿಷ್ಠ ಮೂರು ವಾರ ಮೊದಲೇ ಕೇಳು. ಇನ್ನು ಮುಂದೆ ಯಾರೇ ಹೊಸದಾಗಿ ಸೇರಿಸುವುದಿದ್ದರೂ ಈ ಪ್ರಶ್ನೆಯನ್ನು ಸೇರುವ ದಿನವೇ ಕೇಳಿರಿ: ಇದು ಯಾವ ಹುದ್ದೆಗೆ, ಎಷ್ಟು ಚೀಲವಾದರೆ ಸಾಕು, ನಿರ್ಧರಿಸುವವರು ಯಾರು, ಯಾವ ತಾರೀಖಿಗೆ?

ಉಣಕಲ್ ಅಕ್ಕ (ಹದಿನೆಂಟು ದಿನಗಳ ನಂತರ, ಶುಕ್ರವಾರ, ರಾತ್ರಿ 8:20)

ಎಲ್ಲರಿಗೂ ನಡೆದದ್ದನ್ನು ತಿಳಿಸಬೇಕು. ಮಾಸ್ತರರು ಮಾಡಿಸಿಕೊಟ್ಟ ಹಲಗೆಯನ್ನು ತಮ್ಮ ಎರಡು ವಾರ ಬಳಸಿದ. ಹಲಗೆಯಿಲ್ಲದೆ ಗಂಟೆಗೆ 14 ಚೀಲ ಆಗುತ್ತಿದ್ದದ್ದು ಎರಡನೆಯ ವಾರದ ಕೊನೆಗೆ 31ಕ್ಕೆ ಬಂತು; ಉಳಿದವರದು 35ರಿಂದ 38. ಸೂಪರ್‌ವೈಸರ್ ಅವರೇ ನೋಟುಬುಕ್ಕಿನಲ್ಲಿ ಬರೆದು ಸಹಿ ಮಾಡಿದರು. ನಿನ್ನೆ ನಾನು ಮತ್ತು ಅವ್ವ ಹೋಗಿ ಮಾತನಾಡಿದೆವು. ಮಾತನಾಡಿದ್ದು ಹೆಚ್ಚಾಗಿ ಸೂಪರ್‌ವೈಸರ್ ಅವರೇ.

ನೇರ ನೇಮಕಾತಿ ಆಗುವುದಿಲ್ಲ ಎಂದರು. ಗುತ್ತಿಗೆದಾರರ ಮಸ್ಟರಿಗೆ ಆರು ತಿಂಗಳಿಗೆ ತೆಗೆದುಕೊಳ್ಳುತ್ತೇವೆ, ಅರ್ಧ ದಿನ ಬರಲಿ ಎಂದರು. ನಾನು ಒಪ್ಪಿಲ್ಲ, ನಿರಾಕರಿಸಿಯೂ ಇಲ್ಲ. ಸೋಮವಾರ ಉತ್ತರ ಕೊಡಬೇಕು.

ಗಾಲಿಕುರ್ಚಿ, ಹಾವೇರಿ (ಶುಕ್ರವಾರ, ರಾತ್ರಿ 8:29)

ಅರ್ಧ ದಿನಕ್ಕೆ ಒಪ್ಪಬೇಡಿರಿ. ಐದು ತಿಂಗಳು ಇಡೀ ದಿನ ದುಡಿದವನು ಪಗಾರ ಕೊಡುವಾಗ ಮಾತ್ರ ಏಕೆ ಅರ್ಧ ದಿನದವನಾಗುತ್ತಾನೆ?

ಗೋಕುಲ ರಸ್ತೆ (ಶುಕ್ರವಾರ, ರಾತ್ರಿ 8:44)

ಹಾವೇರಿಯವರ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಅಲ್ಲಿ ಕೇಳಿರಿ, ಅದಕ್ಕೆ ಅವರ ಬಳಿ ಉತ್ತರವಿರಲಾರದು. ಆದರೆ ಗುತ್ತಿಗೆದಾರರ ಮಸ್ಟರನ್ನು ಬೇಡವೆನ್ನಬೇಡಿರಿ. ಮೊದಲ ತಿಂಗಳೇ ಇ.ಎಸ್.ಐ. ಸಂಖ್ಯೆ ಮತ್ತು ಪಿ.ಎಫ್. ಸಂಖ್ಯೆ ಎರಡನ್ನೂ ಕೇಳಿ ಪಡೆಯಿರಿ. ನೇಮಕಾತಿಯ ಪತ್ರದಲ್ಲಿ ‘ತರಬೇತಿ’ ಎಂಬ ಪದ ಎಲ್ಲಿಯೂ ಇರಬಾರದು.

ರಾಣೆಬೆನ್ನೂರಿನ ಅವ್ವ (ಶುಕ್ರವಾರ, ರಾತ್ರಿ 9:10)

ನಿನ್ನ ಅವ್ವನಿಗೆ ನನ್ನ ನಮಸ್ಕಾರ ಹೇಳವ್ವಾ. ಬರುವ ವಾರ ನಾನೂ ಮಗಳನ್ನು ಕರೆದುಕೊಂಡು ಆ ಕಲ್ಯಾಣಾಧಿಕಾರಿಗಳ ಕಚೇರಿಗೆ ಹೊರಟಿದ್ದೇನೆ.

ಉಣಕಲ್ ಅಕ್ಕ (ಸೋಮವಾರ, ಸಂಜೆ 7:35)

ಇಡೀ ದಿನಕ್ಕೇ ಆಯಿತು. ಒಂದನೆಯ ತಾರೀಖಿನಿಂದ ಆರು ತಿಂಗಳು, ಕನಿಷ್ಠ ವೇತನ, ಗುತ್ತಿಗೆದಾರರ ಮಸ್ಟರು. ಪತ್ರವನ್ನು ಮೂರು ಸಲ ಓದಿದೆ, ‘ತರಬೇತಿ’ ಎಂಬ ಪದವಿಲ್ಲ. ಆರು ತಿಂಗಳಾದ ಮೇಲೆ ಏನಾಗುತ್ತದೋ ಗೊತ್ತಿಲ್ಲ. ಐದನೆಯ ತಿಂಗಳಿನಲ್ಲಿಯೇ ಕೇಳಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಮಾಸ್ತರ್ ಸರ್, ಇನ್ನೂ ಐದು ಹಲಗೆಗಳು ಬೇಕಂತೆ, ದುಡ್ಡು ಕಾರ್ಖಾನೆಯವರೇ ಕೊಡುತ್ತಾರೆ. ತಮ್ಮನ ಸಾಲಿನಲ್ಲಿ ಕೂರುವ ಉಳಿದವರೂ ಅದನ್ನೇ ಕೇಳುತ್ತಿದ್ದಾರೆ.

ಐಟಿಐ ಮಾಸ್ತರ, ಧಾರವಾಡ (ಸೋಮವಾರ, ಸಂಜೆ 7:52)

ಗುರುವಾರದೊಳಗೆ ಆಗುತ್ತವೆ. ಅವರೆಲ್ಲರೂ ಒಂದೇ ಅಳತೆಯ ಬೋಲ್ಟ್ ತುಂಬುತ್ತಾರೋ ಬೇರೆ ಬೇರೆಯೋ ಎಂದು ಕೇಳಿ ತಿಳಿಸು. ಬೇರೆಯಾದರೆ ಒಂದೊಂದು ಮಾದರಿಯನ್ನು ತಮ್ಮನ ಕೈಯಲ್ಲಿ ಕೊಟ್ಟು ಕಳಿಸು, ಗುಳಿಯ ಅಳತೆ ತಪ್ಪಬಾರದು.